ಎಡ ಎಂದರೆ ಬಲ

ಹದಿನಾರು ವರ್ಷ ಒಂದೇ ಫುಟ್‌ಬಾಲ್ ಕ್ಲಬ್ಬಿನ ರಕ್ಷಣೆಯಲ್ಲಿ ನಿಂತು ಆಡಿದವನಿಗೆ ಜನ ಇಟ್ಟ ಹೆಸರು ಅಗುಳಿ. ಬಾಗಿಲು ಹಾಕಿ ಅಗುಳಿ ಜಡಿದ ಮೇಲೆ ಒಳಗೆ ಯಾರು ಬಂದಾರು ಎಂಬ ಅರ್ಥದಲ್ಲಿ ಇಟ್ಟದ್ದು. ಅವನ ತಾಯಿ ಮಾತ್ರ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನಗುತ್ತಿದ್ದಳು. "ಹಿಂಬಾಗಿಲು ಹಾಕೋದನ್ನ ದಿನಾ ಮರೀತಿದ್ದ ನನ್ನ ಮಗನಿಗೆ ಅಗುಳಿ ಅಂತಾರಲ್ಲಪ್ಪ, ಏನು ಕಾಲ!"

ಆಡಿದ ಪಂದ್ಯ ನಾನೂರ ಹನ್ನೊಂದು. ಹೊಡೆದ ಗೋಲು ಮೂರು. ಅಪ್ಪಿತಪ್ಪಿ ತನ್ನದೇ ತಂಡದ ಬಲೆಗೆ ಹೊಡೆದದ್ದು ಐದು. ಮೂಗು ಎರಡು ಸಲ ಮುರಿದು ಮೂರನೆಯ ಸಲ ಪೆಟ್ಟು ಬಿದ್ದಾಗ ತಾನಾಗಿಯೇ ನೆಟ್ಟಗಾಗಿತ್ತು. ಅವನೇನು ಗಾಳಿಯಂತೆ ಓಡುವವನಲ್ಲ, ಎತ್ತರವೂ ಅಷ್ಟಕ್ಕಷ್ಟೆ. ಆದರೆ ಚೆಂಡು ಎಲ್ಲಿ ಬೀಳಬೇಕೋ ಅಲ್ಲಿ ಅವನು ಮೊದಲೇ ಹೋಗಿ ನಿಂತಿರುತ್ತಿದ್ದ. ಅದು ಹೇಗೆಂದು ಪತ್ರಿಕೆಯವರು ಕೇಳಿದರೆ, "ಹೇಗೋ ಗೊತ್ತಾಗುತ್ತೆ," ಎನ್ನುತ್ತಿದ್ದ. ಅವರು ಅದನ್ನು ವಿನಯ ಎಂದು ಬರೆದುಕೊಳ್ಳುತ್ತಿದ್ದರು. ವಿನಯವೇನೂ ಅಲ್ಲ, ಅವನಿಗೆ ಗೊತ್ತಿದ್ದದ್ದೇ ಅಷ್ಟು.

ಮೂವತ್ತೇಳಕ್ಕೆ ಮಂಡಿ ಕೈಕೊಟ್ಟಿತು. ಕ್ಲಬ್ಬಿನವರು ಅವನನ್ನು ಬಿಡಲಿಲ್ಲ, ರಕ್ಷಣೆಯ ಆಟಗಾರರಿಗೆ ತರಬೇತುದಾರನನ್ನಾಗಿ ಇಟ್ಟುಕೊಂಡರು. ಮುಖ್ಯ ತರಬೇತುದಾರರು ಹೇಳಿದ ಕಡೆ ಕಿತ್ತಳೆ ಬಣ್ಣದ ಕೋನುಗಳನ್ನು ಇಡುವುದು, ಹೇಳಿದಾಗ ಎತ್ತುವುದು, ನಡುವೆ "ಇನ್ನೊಂದು ಸಲ" ಎಂದು ಕೂಗುವುದು. ಮೂರು ವರ್ಷ ಹೀಗೆ ಸುಖವಾಗಿ ಕಳೆಯಿತು. ನಾಲ್ಕನೆಯ ವರ್ಷ, ಇನ್ನೂ ಒಂಬತ್ತು ಪಂದ್ಯ ಬಾಕಿ ಇರುವಾಗ, ಒಂದು ಸೋಮವಾರ ಬೆಳಿಗ್ಗೆ ಮುಖ್ಯ ತರಬೇತುದಾರರು ತಮ್ಮ ಸೀಟಿಯನ್ನು ಮೇಜಿನ ಮೇಲಿಟ್ಟು ಹೊರಟೇ ಹೋದರು. ತಂಡ ಆಗ ಪಟ್ಟಿಯಲ್ಲಿ ಕೆಳಗಿನಿಂದ ಎರಡನೆಯದು. ಕೊನೆಯ ಎರಡು ತಂಡಗಳು ಕೆಳಗಿನ ದರ್ಜೆಗೆ ಬೀಳುತ್ತವೆ.

ಕ್ಲಬ್ಬಿನ ಅಧ್ಯಕ್ಷರು ಸಿಮೆಂಟು ಪೈಪು ಮಾಡಿಸುವ ಮನುಷ್ಯ. ಮಾತಿಗಿಂತ ಕೈಸನ್ನೆ ಹೆಚ್ಚು. ಬಟ್ಟೆ ಬದಲಾಯಿಸುವ ಕೋಣೆಯ ಒದ್ದೆ ನೆಲದ ಮೇಲೆ ಬೂಟು ಜಾರದಂತೆ ಹೆಜ್ಜೆ ಇಡುತ್ತಾ ಬಂದು ಅಗುಳಿಯ ಭುಜ ಮುಟ್ಟಿದರು.

"ನೀನೇ ನೋಡ್ಕೋ."

"ಏನನ್ನ?"

"ಎಲ್ಲಾನೂ," ಎಂದು ಕೈಯನ್ನು ಕೋಣೆಯ ಸುತ್ತ ಆಡಿಸಿದರು. ಆ ಸುತ್ತಿನಲ್ಲಿ ಇಪ್ಪತ್ತಮೂರು ಆಟಗಾರರು, ನೀರು ಸೋರುವ ನಲ್ಲಿ, ಗೋಡೆಯ ಮೇಲಿನ ಬಿಳಿ ಹಲಗೆ ಎಲ್ಲ ಸೇರಿದ್ದವು.

ಮೊದಲ ದಿನವೇ ತೊಂದರೆ ಶುರುವಾಯಿತು. ರಕ್ಷಣೆಯ ನಟ್ಟನಡುವೆ ನಿಲ್ಲುವ ಹುಡುಗನಿಗೆ ಇಪ್ಪತ್ತೆರಡು. ಕಾಲು ಉದ್ದ, ಕತ್ತು ಉದ್ದ, ತಂಡದಲ್ಲಿ ಎಲ್ಲರೂ ಕರೆಯುವುದು ಕೊಕ್ಕರೆ ಎಂದು. ಆಟ ಚೆನ್ನಾಗಿತ್ತು. ಆದರೆ ಎದುರಾಳಿ ಚೆಂಡು ಹಿಡಿದು ಬರುವಾಗ ಮುಂದೆ ನುಗ್ಗಿ ತಡೆಯಬೇಕೋ, ಹಿಂದೆ ಸರಿದು ಕಾಯಬೇಕೋ ಎಂಬಲ್ಲಿ ಪ್ರತಿಸಲ ಒಂದು ಗಳಿಗೆ ತಡವರಿಸುತ್ತಿದ್ದ. ಆ ಗಳಿಗೆಯಲ್ಲಿ ಗೋಲಾಗುತ್ತಿತ್ತು.

"ಈಗ ಮುಂದೆ ಬರ್ಬೇಕಿತ್ತು," ಎಂದ ಅಗುಳಿ.

"ಯಾಕೆ ಸಾರ್?"

"ಅವನು ಹೊಡೀತಾನೆ ಅಂತ ಗೊತ್ತಾಗುತ್ತಲ್ಲ."

"ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ."

ಕೊಕ್ಕರೆ ಉದ್ಧಟನಲ್ಲ. ಕಲಿಯಬೇಕೆಂದೇ ಕೇಳಿದ್ದ. ಉಳಿದವರೂ ಆಟ ನಿಲ್ಲಿಸಿ ಉತ್ತರಕ್ಕಾಗಿ ನಿಂತರು. ಅಗುಳಿ ಬಗ್ಗಿ ಒಂದು ಕೋನು ನೆಟ್ಟಗೆ ಮಾಡಿದ. ನಂತರ "ಇನ್ನೊಂದು ಸಲ," ಎಂದ. ಆ ಶನಿವಾರ ನಾಲ್ಕು ಗೋಲಿನಿಂದ ಸೋತರು. ಗೆರೆಯ ಪಕ್ಕ ನಿಂತ ಅಗುಳಿಗೆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೂ ತಿಳಿಯಲಿಲ್ಲ. ಜೇಬಿನಲ್ಲಿಟ್ಟ, ಕಟ್ಟಿಕೊಂಡ, ಕೊನೆಗೆ ಒಂದು ನೀರಿನ ಬಾಟಲಿ ಹಿಡಿದುಕೊಂಡ.

ಬಾಯಲ್ಲಿ ಹೇಳಲಾಗದ್ದನ್ನು ಕಣ್ಣಿಗೆ ತೋರಿಸೋಣ ಎಂದುಕೊಂಡು ಅವನು ವಿಡಿಯೋ ಕೋಣೆಗೆ ಹೋದ. ಪಂದ್ಯಗಳನ್ನು ತುಣುಕು ತುಣುಕಾಗಿ ಕತ್ತರಿಸಿ ಲೆಕ್ಕ ತೆಗೆಯುವ ಕೆಲಸ ಅಲ್ಲಿ ಒಬ್ಬ ಹುಡುಗಿಯದು. ಇಪ್ಪತ್ತಾರರ ಆಸುಪಾಸು, ಕತ್ತಿನಲ್ಲಿ ಸದಾ ಹೆಡ್‌ಫೋನು. ಅವಳನ್ನು ಎಲ್ಲರೂ ವಿಡಿಯೋದವಳು ಎಂದೇ ಕರೆಯುತ್ತಿದ್ದರು.

"ನಾನು ಆಡ್ತಿದ್ದಾಗಿನ ಪಂದ್ಯ ಏನಾದ್ರೂ ಇದ್ಯಾ? ಹುಡುಗರಿಗೆ ತೋರಿಸ್ಬೇಕು."

ಅವಳು ಮೆಟ್ಟಿಲ ಕೆಳಗಿನ ಕಪಾಟಿನಿಂದ ಒಂದು ಡಿಸ್ಕು ಹುಡುಕಿ ತಂದಳು. ಹತ್ತು ವರ್ಷ ಹಿಂದಿನ ಕಪ್ ಸೆಮಿಫೈನಲ್. ಅಗುಳಿಯ ಜೀವಮಾನದ ಆಟ ಎಂದು ಜನ ಈಗಲೂ ಹೇಳುವುದು ಅದನ್ನೇ. ಟೀವಿಯವರದಲ್ಲ, ಕ್ಲಬ್ಬಿನವರೇ ತಮ್ಮ ಗೋಲಿನ ಹಿಂದೆ ಕ್ಯಾಮೆರಾ ಇಟ್ಟು ತೆಗೆದದ್ದು. ಹಾಗಾಗಿ ವೀಕ್ಷಕ ವಿವರಣೆ ಇಲ್ಲ, ಮೈದಾನದ ಸದ್ದು ಮಾತ್ರ. ಆ ಸದ್ದಿನಲ್ಲಿ ಮುಕ್ಕಾಲು ಪಾಲು ಒಬ್ಬನದೇ ದನಿ.

ಅದು ಆಗಿನ ಗೋಲ್‌ಕೀಪರನ ದನಿ. ಅಗುಳಿಯ ಹಿಂದೆ ಹನ್ನೊಂದು ವರ್ಷ ನಿಂತು ಕೂಗಿದವನು, ಹೆಸರೇ ಗಂಟಲು. ಒಮ್ಮೆ ಬಾಯಿ ಬಿಟ್ಟರೆ ಪಕ್ಕದ ಬೀದಿಯ ನಾಯಿ ಎದ್ದು ಕೂರುತ್ತದೆ ಎಂದು ಆಗ ತಮಾಷೆ ಮಾಡುತ್ತಿದ್ದರು. ಅಗುಳಿ ಆ ದನಿಯನ್ನು ಮಳೆಯ ಸದ್ದಿನಂತೆ ಕಿವಿಯಾಚೆ ಬಿಟ್ಟಿದ್ದೇನೆಂದೇ ನಂಬಿದ್ದ.

"ಎಡ! ಎಡ!" ಎಂದು ಕೇಳಿಸಿತು. ಮರುಕ್ಷಣ ಪರದೆಯ ಮೇಲಿನ ಅಗುಳಿ ಹೊರಟ.

"ಹಿಂದೆ!" ಮರುಕ್ಷಣ ಮತ್ತೆ ಹೊರಟ.

ಹತ್ತು ನಿಮಿಷ ಅವರು ಹೀಗೇ ನೋಡಿದರು. ವಿಡಿಯೋದವಳು ಪೆನ್ನಿನಿಂದ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದಳು.

"ಸಾರ್, ಒಂದು ಹೇಳ್ಲಾ? ಒಂದು ಸಲವೂ ನೀವಾಗಿ ಹೊರಟಿಲ್ಲ. ಪ್ರತಿಸಲ ಮೊದಲು ಅವರ ಕೂಗು, ಆಮೇಲೆ ನಿಮ್ಮ ಕಾಲು."

ಅಗುಳಿಯ ಕಿವಿ ಬಿಸಿಯಾಯಿತು. "ಮುಂದಕ್ಕೆ ಓಡಿಸು."

"ಇನ್ನೊಂದಿದೆ. ಅವರು ಎಡ ಅಂದಾಗ ನೀವು ಹೋಗ್ತಿರೋದು ಬಲಕ್ಕೆ."

"ಕ್ಯಾಮೆರಾ ಉಲ್ಟಾ ಇರ್ಬೇಕು."

"ಇಲ್ಲ ಸಾರ್, ಗೋಲ್ ಹಿಂದೇನೇ ಇದೆ. ಅವರ ಎಡವೇ ನಿಮ್ಮ ಎಡ. ಹಿಂದೆ ಅಂದ್ರೆ ಮುಂದೆ ನುಗ್ತೀರಾ. ಒಟ್ಟು ಮೂವತ್ನಾಲ್ಕು ಕೂಗು, ಮೂವತ್ತೊಂದು ಸಲ ಉಲ್ಟಾ. ನಿಮ್ಮಿಬ್ರ ನಡುವೆ ಏನಾದ್ರೂ ಗುಟ್ಟಿನ ಭಾಷೆ ಇತ್ತಾ?"

ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಅವರಿಬ್ಬರೂ ಮೈದಾನದ ಹೊರಗೆ ಮಾತಾಡಿದ್ದು ಮನೆ, ಮದುವೆ, ಮೂಳೆ ಡಾಕ್ಟರು ಇಷ್ಟೇ. ಅಗುಳಿ ಹುಡುಗರಿಗೆ ಆ ಡಿಸ್ಕು ತೋರಿಸಲಿಲ್ಲ. ಎರಡು ದಿನ ಅದನ್ನು ಬ್ಯಾಗಿನಲ್ಲಿ ಹೊತ್ತು ತಿರುಗಿ, ಮೂರನೆಯ ದಿನ ಗಂಟಲನ್ನು ಹುಡುಕಿಕೊಂಡು ಹೋದ.

ಗಂಟಲು ಈಗ ಒಂದು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದ. ಹೊಟ್ಟೆ ಬಂದಿತ್ತು, ದನಿ ಹಾಗೆಯೇ ಇತ್ತು. ಪಾಠದ ಹೊತ್ತಾಗಿದ್ದರಿಂದ "ಹಿಂದೆ ಕೂತ್ಕೋ, ಹೋಗ್ತಾ ಮಾತಾಡೋಣ," ಎಂದು ಅಗುಳಿಯನ್ನು ಕಾರಿಗೆ ಹತ್ತಿಸಿಕೊಂಡ. ಸ್ಟಿಯರಿಂಗ್ ಹಿಡಿದಿದ್ದವರು ಐವತ್ತು ದಾಟಿದ ನರ್ಸಮ್ಮ. ಎದೆ ಸ್ಟಿಯರಿಂಗಿಗೆ ತಾಗುವಷ್ಟು ಮುಂದೆ ಕೂತಿದ್ದರು.

ಅಗುಳಿ ಡಿಸ್ಕಿನ ವಿಷಯವೆಲ್ಲ ಹೇಳಿದ. ಗಂಟಲು ಗಟ್ಟಿಯಾಗಿ ನಕ್ಕ. ನರ್ಸಮ್ಮ ಬೆಚ್ಚಿ ಬ್ರೇಕು ಒತ್ತಿದರು.

"ಹದಿನೈದು ವರ್ಷ ಬೇಕಾಯ್ತಾ ಮಾರಾಯ ನಿಂಗೆ ಇದು ತಿಳಿಯೋಕೆ? ಮೊದಲನೇ ವರ್ಷ ನಾನು ಎಡ ಅಂದ್ರೆ ನೀನು ಬಲಕ್ಕೆ. ಮುಂದೆ ಅಂದ್ರೆ ಹಿಂದೆ. ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ. ಬೈದೆ, ಕೇಳಲಿಲ್ಲ. ಆ ವರ್ಷ ನನ್ನ ಬಲೆಗೆ ಎಷ್ಟು ಗೋಲು ಬಿತ್ತು ನೆನಪಿದ್ಯಾ? ಎರಡನೇ ವರ್ಷ ಯೋಚನೆ ಮಾಡ್ದೆ. ನಿನ್ನ ಬಲಕ್ಕೆ ಕಳಿಸ್ಬೇಕು ಅಂದ್ರೆ ಎಡ ಅಂತ ಕೂಗೋಕೆ ಶುರು ಮಾಡ್ದೆ. ಅಷ್ಟೆ. ಆಮೇಲೆ ನೀನು ಅಗುಳಿ ಆದೆ, ನಾನು ನೆಮ್ಮದಿಯಾಗಿ ನಿದ್ದೆ ಮಾಡ್ದೆ."

"ಬೇಕು ಅಂತ ನಾನು ಹಾಗೆ ಮಾಡಲಿಲ್ಲ."

"ಗೊತ್ತು. ಬೇಕು ಅಂತ ಮಾಡೋಷ್ಟು ತಲೆ ನಿಂಗಿಲ್ಲ." ಮುಂದೆ ನೋಡಿ, "ಎಡಕ್ಕಮ್ಮಾ, ಎಡಕ್ಕೆ!"

ನರ್ಸಮ್ಮ ಕಾರನ್ನು ಎಡಕ್ಕೂ ತಿರುಗಿಸಲಿಲ್ಲ, ಬಲಕ್ಕೂ ತಿರುಗಿಸಲಿಲ್ಲ, ರಸ್ತೆಯ ನಡುವೆ ನಿಲ್ಲಿಸಿದರು. "ಸಾರ್, ನಿಮ್ಮ ಮಾತು ಕೇಳಿ ನಂಗೆ ತಲೆ ಕೆಟ್ಟೋಯ್ತು. ನಿಜವಾದ ಎಡಕ್ಕಾ, ಇವರ ಎಡಕ್ಕಾ?"

ಹಿಂದಿನ ವಾಹನಗಳು ಹಾರ್ನ್ ಹೊಡೆಯತೊಡಗಿದವು. ಅಗುಳಿಗೆ ನಗು ಬರಲಿಲ್ಲ.

ಅಲ್ಲಿಂದ ಅವನು ನೇರ ಹೆಂಡತಿಯ ಕೆಲಸದ ಜಾಗಕ್ಕೆ ನಡೆದ. ಅವಳು ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷಿಸಿ ಕನ್ನಡಕದ ನಂಬರು ಬರೆದುಕೊಡುವವಳು. ಊಟದ ಹೊತ್ತು, ರೋಗಿಗಳಿರಲಿಲ್ಲ. ಅವನು ಕತ್ತಲ ಕೋಣೆಯ ಎತ್ತರದ ಕುರ್ಚಿಯ ಮೇಲೆ ಕೂತ. ಅವಳು ಡಬ್ಬಿ ಮುಚ್ಚಳ ತೆಗೆಯುತ್ತಾ ಎಲ್ಲ ಕೇಳಿಸಿಕೊಂಡಳು.

"ಸರಿ, ಈಗ ಏನಾಯ್ತು?"

"ಏನಾಯ್ತು ಅಂದ್ರೆ? ನಾನೂರು ಪಂದ್ಯ ಆಡಿದ್ದು ಯಾರು? ನಾನಾ, ಅವನಾ? ಅವನು ಹೇಳಿದ ಹಾಗೆ ಆಡಿದ್ರೆ ಆಳು ಅಂತ ಆದ್ರೂ ಅನ್ಕೋಬಹುದಿತ್ತು. ಹೇಳಿದ್ದಕ್ಕೆ ಉಲ್ಟಾ ಆಡಿದ್ದೀನಿ, ಆದ್ರೂ ಅವನಿಗೆ ಬೇಕಾಗಿದ್ದೇ ಆಗಿದೆ. ಇದಕ್ಕೆ ಏನಂತಾರೆ?"

"ಗಂಡ ಅಂತಾರೆ."

ಅವನು ಮುಖ ನೋಡಿದ. ಅವಳು ತುತ್ತು ನುಂಗಿ ಮುಂದುವರಿಸಿದಳು. "ಈಗಿರೋ ಮನೆ ನೋಡೋಕೆ ಹೋದಾಗ ನಾನು ಏನಂದೆ? ಬೇಡ, ಕತ್ತಲು ಜಾಸ್ತಿ ಅಂದೆ. ನೀವು ತಕ್ಷಣ ಇದೇ ಸರಿ ಅಂದ್ರಿ. ನಂಗೆ ಆ ಮನೆ ಬಾಗಿಲಲ್ಲೇ ಇಷ್ಟ ಆಗಿತ್ತು."

"ನೀನೂನಾ?"

"ಒಂದೆರಡು ಸಲ ಅಷ್ಟೆ," ಎಂದಳು. ಆಮೇಲೆ ಅವನ ಮುಖ ನಿಜಕ್ಕೂ ಬಾಡಿದ್ದನ್ನು ಕಂಡು ಡಬ್ಬಿ ಪಕ್ಕಕ್ಕಿಟ್ಟು, ಅವನ ಮೂಗಿನ ಮೇಲೆ ಪರೀಕ್ಷೆಯ ಕನ್ನಡಕ ಕೂರಿಸಿದಳು. "ಬಂದಿದ್ದೀರಲ್ಲ, ಕಣ್ಣಾದ್ರೂ ನೋಡೋಣ. ಎದುರಿನ ಅಕ್ಷರ ನೋಡಿ. ಇದು ಚೆನ್ನಾಗಿ ಕಾಣುತ್ತಾ, ಇಲ್ಲ ಇದಾ?"

"ಮೊದಲಿಂದು."

"ಈಗ? ಇದಾ, ಇದಾ?"

"ಗೊತ್ತಾಗ್ತಿಲ್ಲ. ಎರಡೂ ಒಂದೇ ಥರ."

"ಹಾಂ, ಹಾಗಾದ್ರೆ ಮುಗೀತು. ಎರಡೂ ಒಂದೇ ಥರ ಕಂಡ ಕಡೆ ನಾವು ನಿಲ್ಲಿಸೋದು. ಅದೇ ನಿಮ್ಮ ನಂಬರು. ಎಲ್ಲರೂ ತಪ್ಪು ಉತ್ತರ ಹೇಳ್ಬಿಟ್ಟೆ ಅಂತ ಹೆದರ್ತಾರೆ."

ಅವನಿಗೆ ಅದು ಸಮಾಧಾನದ ಮಾತೋ, ಬರೀ ಕಣ್ಣಿನ ಮಾತೋ ತಿಳಿಯಲಿಲ್ಲ. ಓದುವ ಕನ್ನಡಕ ಬೇಕಾಗಿದೆ ಎಂಬುದು ಮಾತ್ರ ಖಚಿತವಾಯಿತು.

ಮರುದಿನ ಅವನು ಗಂಟಲನ್ನು ಅಭ್ಯಾಸಕ್ಕೆ ಕರೆದ. ಗುಟ್ಟು ಗಂಟಲಿನಲ್ಲಿದ್ದರೆ ಅದನ್ನೇ ಕೊಕ್ಕರೆಯ ಹಿಂದೆ ನಿಲ್ಲಿಸೋಣ ಎಂಬ ಲೆಕ್ಕಾಚಾರ. ಗಂಟಲು ಪಾಠ ರದ್ದು ಮಾಡಿ ಖುಷಿಯಿಂದ ಬಂದ. ಗೋಲಿನ ಪಕ್ಕ ನಿಂತು ಹಳೆಯ ಹುರುಪಿನಲ್ಲಿ ಕೂಗಿದ. ಎಡ ಅಂದರೆ ಕೊಕ್ಕರೆ ಎಡಕ್ಕೆ ಹೋದ, ಬಲ ಅಂದರೆ ಬಲಕ್ಕೆ. ಒಂದು ಕೂಗೂ ತಪ್ಪಲಿಲ್ಲ. ಒಂದು ಚೆಂಡೂ ಸಿಗಲಿಲ್ಲ. ಅರ್ಧ ಗಂಟೆಯಲ್ಲಿ ಒಂಬತ್ತು ಗೋಲು ಬಿತ್ತು.

ಗಂಟಲು ಬೆವರು ಒರೆಸಿಕೊಂಡು ಬಂದ. "ಈ ಹುಡುಗ ತುಂಬಾ ಒಳ್ಳೆಯವನು ಕಣೋ, ಅದೇ ಕಷ್ಟ. ನಾನು ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಂಡು ಆಮೇಲೆ ಹೊರಡ್ತಾನೆ. ಅಷ್ಟೊತ್ತಿಗೆ ಚೆಂಡು ಬಲೇಲಿರುತ್ತೆ. ನೀನು ಹಾಗಿರ್ಲಿಲ್ಲ. ನಾನು ಬಾಯಿ ತೆಗೆಯೋ ಹೊತ್ತಿಗೆ ನೀನು ಹೊರಟೇ ಇರ್ತಿದ್ದೆ."

"ಏನಂದೆ? ಕೂಗೋ ಮೊದ್ಲೇನಾ?"

"ಮೊದ್ಲು ಅಂದ್ರೆ... ಮೊದ್ಲೋ, ಜೊತೇಗೋ. ಈಗ ಹ್ಯಾಗಪ್ಪ ಹೇಳ್ಲಿ."

"ನಿನ್ನೆ ನೀನು ಕಳಿಸ್ತಿದ್ದೆ ಅಂದೆ!"

"ಕಳಿಸ್ತಿದ್ದೆ ಅಂತಾನೇ ಅನ್ಕೊಂಡಿದ್ದೆ," ಎಂದ ಗಂಟಲು. ಮೊದಲ ಬಾರಿಗೆ ಅವನ ದನಿ ಸಣ್ಣದಾಯಿತು. ಕೂಗಿ ಕೂಗಿ ಹನ್ನೊಂದು ವರ್ಷ ಗಾಳಿಗೆ ಗುದ್ದಿದೆನೇನೋ ಎಂಬ ಅನುಮಾನ ಅವನಿಗೂ ಹತ್ತಿತ್ತು. ಚಹಾ ಕುಡಿಯದೆ ಹೊರಟುಹೋದ.

ಆ ಸಂಜೆ ವಿಡಿಯೋದವಳು ಮೆಟ್ಟಿಲಿನಲ್ಲೇ ಅಡ್ಡ ನಿಂತಳು. "ಸಾರ್, ಕ್ಷಮಿಸಿ, ತಪ್ಪು ನಂದು. ಆ ಡಿಸ್ಕಿನಲ್ಲಿ ಸದ್ದು, ಚಿತ್ರ ಎರಡೂ ಹೊಂದಿಕೊಂಡಿಲ್ಲ. ಗೋಲ್‌ಕೀಪರ್ ಚೆಂಡು ಒದೆಯೋ ಸದ್ದು ಕಾಲು ಚೆಂಡಿಗೆ ತಾಗೋ ಮೊದಲೇ ಕೇಳುತ್ತೆ. ಒಂದೊಂದು ಕಡೆ ಒಂದೊಂದು ಥರ ವ್ಯತ್ಯಾಸ. ಹಾಗಾಗಿ ಅವರ ಕೂಗು ಮೊದಲಾ, ನಿಮ್ಮ ಕಾಲು ಮೊದಲಾ ಅಂತ ಇದನ್ನ ನೋಡಿ ಹೇಳೋಕಾಗಲ್ಲ."

"ಬೇರೆ ಪಂದ್ಯ?"

"ಗೋಲ್ ಹಿಂದಿನ ಕ್ಯಾಮೆರಾದಲ್ಲಿ ತೆಗೆದಿದ್ದು ಇದೊಂದೇ."

"ಹಾಗಾದ್ರೆ ಆ ಮೂವತ್ತೊಂದು ಸಲ?"

"ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಅಂತಾರಲ್ಲ ಸಾರ್, ಹಾಗಿರಬಹುದು. ಇಬ್ಬರಿಗೂ ಒಂದೇ ಹೊತ್ತಿಗೆ ಅದೇ ಹೊಳೀತಿತ್ತೇನೋ. ಇಲ್ಲ, ನಿಜವಾಗ್ಲೂ ಅವರ ಮಾತಿಗೇ ಹೋಗ್ತಿದ್ರೇನೋ."

ಅಗುಳಿ ಆ ಮೆಟ್ಟಿಲಿನ ಮೇಲೆ ಸ್ವಲ್ಪ ಹೊತ್ತು ಕೂತ. ಕೆಳಗೆ ಮೈದಾನದ ಹುಲ್ಲು ಕತ್ತರಿಸುವವನು ಯಂತ್ರವನ್ನು ಹಿಂದೆ ಮುಂದೆ ತಳ್ಳುತ್ತಿದ್ದ. ಹದಿನಾರು ವರ್ಷ ನಿಂತ ಜಾಗ ಅದು. ಗೋಲಿನ ಮುಂದಿನ ಆ ಹನ್ನೆರಡು ಹೆಜ್ಜೆ ಅಗಲದ ತುಂಡು. ಕಣ್ಣು ಮುಚ್ಚಿ ಅಲ್ಲಿ ನಿಂತರೆ ಎಲ್ಲಿ ತಗ್ಗು, ಎಲ್ಲಿ ದಿಣ್ಣೆ ಎಂದು ಪಾದವೇ ಹೇಳೀತು. ಪಾದ ಹೇಳಿದ್ದನ್ನು ಬಾಯಿ ಯಾಕೆ ಹೇಳುವುದಿಲ್ಲ ಎಂಬುದು ಮಾತ್ರ ಅವನಿಗೆ ತಲೆಬುಡ ಅರ್ಥವಾಗಲಿಲ್ಲ.

ಪಂದ್ಯಗಳು ಯಾರಿಗಾಗಿಯೂ ಕಾಯಲಿಲ್ಲ. ಎರಡು ಸೋತರು, ಮೂರು ಸಮ ಮಾಡಿಕೊಂಡರು, ಯಾರೂ ನಿರೀಕ್ಷಿಸದ ಒಂದನ್ನು ಗೆದ್ದರು, ಗೆಲ್ಲಲೇಬೇಕಿದ್ದನ್ನು ಸೋತರು. ಅಗುಳಿ ದಿನಕ್ಕೊಂದು ವಿಧಾನ ಹಿಡಿದ. ಒಂದು ದಿನ ಹಲಗೆಯ ತುಂಬ ಬಾಣದ ಗುರುತು ಬರೆದ. ಅವನೇ ಬರೆದ ಬಾಣಗಳಲ್ಲಿ ತಮ್ಮವರ್ಯಾರು, ಎದುರಾಳಿ ಯಾರು ಎಂದು ಅವನಿಗೇ ತಪ್ಪಿತು. ಇನ್ನೊಂದು ದಿನ ಕೊಕ್ಕರೆಯ ಪಕ್ಕದಲ್ಲಿ ತಾನೇ ನಿಂತು ಆಡಿ ತೋರಿಸಿದ. ನಲವತ್ತೊಂದರ ಮಂಡಿ ಊದಿಕೊಂಡಿತು, ಕೊಕ್ಕರೆ ಅವನ ಕುಂಟು ನಡಿಗೆಯನ್ನೂ ಶ್ರದ್ಧೆಯಿಂದ ಅನುಕರಿಸಿದ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅಗುಳಿಗೆ ಬೈಯಲೂ ಮನಸ್ಸಾಗಲಿಲ್ಲ.

ಕೊನೆಯ ಪಂದ್ಯಕ್ಕೆ ಬಂದಾಗ ತಂಡ ಕೆಳಗಿನಿಂದ ಮೂರನೆಯದಾಗಿತ್ತು. ಸಮ ಮಾಡಿಕೊಂಡರೆ ಉಳಿಯುತ್ತದೆ, ಸೋತರೆ ಬೀಳುತ್ತದೆ. ಮಧ್ಯಾಹ್ನದ ಪಂದ್ಯ. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಇಪ್ಪತ್ತಮೂರು ಮುಖಗಳು ಅವನ ಕಡೆ ತಿರುಗಿದವು. ಹಿಂದಿನ ರಾತ್ರಿಯಿಂದ ಬಾಯಿಪಾಠ ಮಾಡಿದ್ದ ಮಾತು ಒಂದೂ ನಾಲಿಗೆಗೆ ಬರಲಿಲ್ಲ.

"ನೋಡಿ," ಎಂದ. "ನಾನು ಹೆಂಗೆ ಆಡ್ತಿದ್ದೆ ಅಂತ ನಂಗೆ ಗೊತ್ತಿಲ್ಲ. ಎರಡು ತಿಂಗಳು ಹುಡುಕಿದೆ. ಗೊತ್ತಾಗ್ಲಿಲ್ಲ. ಗೊತ್ತಿರೋ ಹಾಗೆ ನಟಿಸಿ ನಿಮ್ಮ ತಲೇನೂ ಕೆಡಿಸ್ದೆ. ಇವತ್ತು ನನ್ನ ಕಡೆ ನೋಡ್ಬೇಡಿ. ನಿಮ್ಮ ನಿಮ್ಮೊಳಗೆ ಮಾತಾಡ್ಕೊಳ್ಳಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾಯಕನಂತೂ ತನ್ನ ಬೂಟಿನ ದಾರವನ್ನೇ ನೋಡುತ್ತಿದ್ದ. ಕೊಕ್ಕರೆಯ ಮುಖದಲ್ಲಿ ಭಯ ಕಂಡಿತು. ಹೇಳಬಾರದ್ದನ್ನು ಹೇಳಿಬಿಟ್ಟೆನೇ ಎಂದುಕೊಳ್ಳುತ್ತಾ ಅಗುಳಿ ತನ್ನ ನೀರಿನ ಬಾಟಲಿ ಹುಡುಕಿ ಹಿಡಿದುಕೊಂಡ.

ಮೊದಲ ಅರ್ಧದಲ್ಲಿ ಹೇಗೋ ಒಂದು ಗೋಲು ಹೊಡೆದರು. ಎರಡನೆಯ ಅರ್ಧದಲ್ಲಿ ಕೊಕ್ಕರೆ ಮುಂದೆ ನುಗ್ಗಬಾರದ ಕಡೆ ನುಗ್ಗಿದ, ಹಿಂದೆ ಖಾಲಿ ಬಿತ್ತು, ಗೋಲು ಸಮವಾಯಿತು. ಅಗುಳಿ ಬಾಟಲಿ ಹಿಡಿದು ನಿಂತೇ ಇದ್ದ. ಇಷ್ಟಾದರೂ ಕೊಕ್ಕರೆ ಅವನ ಕಡೆ ತಿರುಗಲಿಲ್ಲ. ಎದೆ ಮುಂದೆ ಮಾಡಿ ಪಕ್ಕದವನಿಗೆ ಏನೋ ಕೂಗಿದ, ಕೈ ಮಾಡಿ ತೋರಿಸಿದ. ಅಷ್ಟು ದಿನ ಬಾಯಿ ಬಿಡದಿದ್ದ ಹುಡುಗ. ಮುಂದಿನ ಇಪ್ಪತ್ತು ನಿಮಿಷ ರಕ್ಷಣೆ ಗಟ್ಟಿಯಾಗಿ ನಿಂತಿತು. ಕೂಗಾಟದಿಂದ ನಿಂತಿತೋ, ಎದುರಾಳಿಗಳು ದಣಿದದ್ದರಿಂದಲೋ, ಹೇಳಲು ಯಾರಿಂದಲೂ ಆಗದು.

ಕೊನೆಯ ನಿಮಿಷದಲ್ಲಿ ಎಲ್ಲರೂ ಮೋಸಹೋದರು. ಚೆಂಡು ಕೊಕ್ಕರೆಯ ತಲೆಯ ಮೇಲಿಂದ, ನಾಯಕನ ಕಾಲಿನ ಕೆಳಗಿಂದ, ಕೀಪರನ ಕೈಯಾಚೆಯಿಂದ ಹಾದು ಎದುರಾಳಿಯ ಒಂಬತ್ತನೇ ನಂಬರಿನವನ ಮುಂದೆ ಬಂದು ನಿಂತಿತು. ಮೂರು ಹೆಜ್ಜೆಯಾಚೆ ಖಾಲಿ ಗೋಲು. ನಡೆಯಲು ಕಲಿತ ಮಗುವೂ ತಳ್ಳಬಹುದಿತ್ತು. ಅವನು ಚೆಂಡನ್ನು ಕಂಬದಾಚೆಗೆ, ಜಾಹೀರಾತು ಫಲಕದಾಚೆಗೆ, ಜನರ ನಡುವಿಗೆ ಒದ್ದ. ಒದ್ದು ತನ್ನ ಕಾಲನ್ನೇ ನೋಡುತ್ತಾ ನಿಂತ. ಕೊನೆಯ ಸೀಟಿ ಮೊಳಗಿತು.

ಜನ ಮೈದಾನಕ್ಕೆ ನುಗ್ಗಿದರು. ಅಗುಳಿಯನ್ನು ಯಾರೋ ಎತ್ತಿಕೊಂಡರು. ಮೇಲಿನಿಂದ ಅವನಿಗೆ ಕಂಡದ್ದು ಆ ಒಂಬತ್ತನೇ ನಂಬರಿನವನು ಮಾತ್ರ. ಅವನು ಇನ್ನೂ ಅಲ್ಲಿಯೇ ನಿಂತಿದ್ದ, ಯಾರೂ ಅವನ ಹತ್ತಿರ ಹೋಗಿರಲಿಲ್ಲ. ಅಗುಳಿಗೆ ಕೆಳಗಿಳಿದು ಅವನ ಪಕ್ಕ ಹೋಗಿ ನಿಲ್ಲಬೇಕೆನಿಸಿತು. ಆದರೆ ಹೊತ್ತವರು ಬೇರೆ ಕಡೆ ಓಡುತ್ತಿದ್ದರು.

ಅಧ್ಯಕ್ಷರು ಅವನನ್ನು ತಮ್ಮ ಕೋಣೆಗೆ ಕರೆಸಿದರು. "ನನ್ನ ಕಡೆ ನೋಡ್ಬೇಡಿ ಅಂದೆಯಂತೆ. ಎಂಥಾ ತಂತ್ರ ಅಯ್ಯಾ! ಹುಡುಗರ ಮೇಲೆ ಜವಾಬ್ದಾರಿ ಹಾಕಿದೆ. ನಂಗೆ ಮೊದಲೇ ಗೊತ್ತಿತ್ತು ನಿನ್ನೊಳಗೆ ಏನೋ ಇದೆ ಅಂತ."

"ಅದು ತಂತ್ರ ಅಲ್ಲ ಸಾರ್. ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ."

"ಹಾಹಾ! ಇನ್ನೂ ಎರಡು ವರ್ಷ ನೀನೇ. ತರಬೇತುದಾರರ ಲೈಸೆನ್ಸ್ ಒಂದು ಪಾಸು ಮಾಡ್ಕೊಂಡು ಬಾ. ಅದಿಲ್ದೆ ಲೀಗಿನವರು ಬಿಡಲ್ಲ."

ಬೇಡ ಎನ್ನಬೇಕೆಂದುಕೊಂಡೇ ಮನೆಗೆ ಹೊರಟವನು, ಬಸ್ಸಿನಲ್ಲಿ ಕೂತು ಹೆಂಡತಿಗೆ ಫೋನು ಮಾಡಿ ಕೇಳಿದ. "ನಾನು ಏನೂ ಹೇಳಲ್ಲಪ್ಪ," ಎಂದಳು ಅವಳು. "ಹೌದು ಅಂದ್ರೂ ಕಷ್ಟ, ಬೇಡ ಅಂದ್ರೂ ಕಷ್ಟ. ಈ ಸಲ ನೀವೇ ನೋಡ್ಕೊಳ್ಳಿ." ಆ ಮಾತಿನ ಹಿಂದೆ ಏನಿದೆ ಎಂದು ಅವನು ಮೂರು ನಿಲ್ದಾಣದವರೆಗೆ ಯೋಚಿಸಿದ. ಕೊನೆಗೆ ಒಪ್ಪಿಕೊಂಡ. ಯಾಕೆಂದರೆ ಸೋಮವಾರ ಬೆಳಿಗ್ಗೆ ಆ ಹುಲ್ಲಿನ ಮೇಲಲ್ಲದೆ ಬೇರೆಲ್ಲಿ ಹೋಗಿ ನಿಲ್ಲಬೇಕು ಎಂಬುದು ಹೊಳೆಯಲಿಲ್ಲ.

ಲೈಸೆನ್ಸ್ ಪರೀಕ್ಷೆ ಒಂದು ಶಾಲೆಯ ಕೋಣೆಯಲ್ಲಿ ನಡೆಯಿತು. ಮಕ್ಕಳ ಬೆಂಚಿನಲ್ಲಿ ಮಂಡಿ ಹಿಡಿಸದೆ ಅವನು ಅಡ್ಡ ಕೂತ. ಬರಹದ ಪರೀಕ್ಷೆಯಲ್ಲಿ ಹೇಗೋ ದಡ ಮುಟ್ಟಿದ. ಮೌಖಿಕ ಪರೀಕ್ಷೆಗೆ ಒಬ್ಬ ಹಿರಿಯರು, ಒಂದು ಕಾಲದಲ್ಲಿ ಮುನ್ಪಡೆಯಲ್ಲಿ ಆಡಿ ಗೋಲು ಹೊಡೆಯುತ್ತಿದ್ದವರು, ಕೂದಲೆಲ್ಲ ಬೆಳ್ಳಗಾಗಿತ್ತು. ಕನ್ನಡಕದ ಮೇಲಿನಿಂದ ನೋಡಿ ಕೇಳಿದರು.

"ಎದುರಾಳಿ ಚೆಂಡು ಹಿಡ್ಕೊಂಡು ಬರ್ತಿದ್ದಾನೆ. ನುಗ್ಗಬೇಕಾ, ಸರೀಬೇಕಾ, ಹೆಂಗೆ ತೀರ್ಮಾನ ಮಾಡ್ತೀರಿ?"

ಅದೇ ಪ್ರಶ್ನೆ. ಅಗುಳಿ ಬೆವರಿದ. "ಹೇಳೋಕೆ ಬರಲ್ಲ ಸಾರ್. ಒಂದು ಸಲ ಎದ್ದು ಬರ್ತೀರಾ?"

ಹಿರಿಯರು ಹುಬ್ಬೇರಿಸಿದರು, ಆದರೆ ಎದ್ದರು. ಇಬ್ಬರೂ ಸೇರಿ ಬೆಂಚುಗಳನ್ನು ಗೋಡೆಗೆ ಸರಿಸಿದರು. ಚೆಂಡಿರಲಿಲ್ಲ, ಕಸದ ಬುಟ್ಟಿಯಿಂದ ಕಾಗದ ತೆಗೆದು ಉಂಡೆ ಮಾಡಿದರು. ಎಪ್ಪತ್ತರ ಹತ್ತಿರದ ಮನುಷ್ಯ ಬೂಟುಗಾಲಿನಲ್ಲಿ ಕಾಗದದ ಉಂಡೆ ತಳ್ಳುತ್ತಾ ಬಂದರು. ಅಗುಳಿ ಕಾದ, ಕಾದ, ಇದ್ದಕ್ಕಿದ್ದಂತೆ ಒಂದು ಹೆಜ್ಜೆ ಮುಂದಿಟ್ಟು ಉಂಡೆಯನ್ನು ತೆಗೆದುಕೊಂಡ.

"ಈಗ ಯಾಕೆ ಬಂದ್ರಿ? ಈಗಲೇ ಯಾಕೆ?"

"ನೀವು... ಉಸಿರು ಹಿಡಿದ್ರಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಅಚ್ಚರಿ. ಹಿರಿಯರು ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಯೋಚಿಸಿದರು. "ಹಿಡಿದ್ನಾ? ಇರಬಹುದು. ಹೊಡೆಯೋ ಮೊದಲು ಹಿಡೀತಿದ್ದೆ ಅನ್ಸುತ್ತೆ. ಇನ್ನೊಂದು ಸಲ ಮಾಡೋಣ."

ಇನ್ನೂ ನಾಲ್ಕು ಸಲ ಮಾಡಿದರು. ಎರಡು ಸಲ ಅಗುಳಿ ಉಂಡೆ ಕಿತ್ತುಕೊಂಡ, ಎರಡು ಸಲ ಹಿರಿಯರು ದಾಟಿಹೋದರು. ದಾಟಿದಾಗ ಉಸಿರು ಹಿಡಿದಿದ್ದರೇ ಎಂದು ಕೇಳಿದರೆ ಅವರಿಗೂ ನೆನಪಿರಲಿಲ್ಲ. ಹೊರಗೆ ಕಾಯುತ್ತಿದ್ದ ಮುಂದಿನ ಅಭ್ಯರ್ಥಿ ಬಾಗಿಲು ತಟ್ಟಿದ. ಹಿರಿಯರು ಏದುಸಿರು ಬಿಡುತ್ತಾ ಕೂತು ಅಂಕ ಬರೆದರು. ಪಾಸು, ಅಷ್ಟೇನೂ ಹೆಚ್ಚಿನ ಅಂಕವಲ್ಲ.

ಹೊಸ ಋತುವಿನ ಮೊದಲ ಅಭ್ಯಾಸದಲ್ಲಿ ಅಗುಳಿ ಕೊಕ್ಕರೆಯನ್ನು ಪಕ್ಕಕ್ಕೆ ಕರೆದ. "ಚೆಂಡು ನೋಡ್ಬೇಡ. ಅವನ ಎದೆ ನೋಡು. ಹೊಡೆಯೋ ಮೊದಲು ಉಸಿರು ಹಿಡೀತಾನೇನೋ ನೋಡು."

"ಎಲ್ಲರೂ ಹಿಡೀತಾರಾ ಸಾರ್?"

"ಗೊತ್ತಿಲ್ಲ. ನೋಡಿ ಹೇಳು."

ಕೊಕ್ಕರೆ ಕತ್ತು ಮುಂದೆ ಚಾಚಿ ಎದುರಿಗೆ ಬರುವವನ ಎದೆಯನ್ನೇ ನೋಡುತ್ತಾ ನಿಂತ. ಮೊದಲನೆಯವನು ಅವನ ಕಾಲುಗಳ ನಡುವಿನಿಂದ ಚೆಂಡು ದಾಟಿಸಿಕೊಂಡು ಹೋದ. ಎರಡನೆಯವನನ್ನು ತಡೆದ. ಮೂರನೆಯವನು ಬರುವಾಗ ಕೊಕ್ಕರೆಯೇ ಉಸಿರು ಹಿಡಿದುಕೊಂಡಿರುವುದು ಅಗುಳಿಗೆ ಕಂಡಿತು. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಅವನು ಕೋನುಗಳನ್ನು ಎರಡು ಹೆಜ್ಜೆ ಹಿಂದಕ್ಕೆ ಸರಿಸಿಟ್ಟ.